ಡೆಂಗಿ ರೋಗಿಗೆ ಜ್ವರ ಬಿಟ್ಟ ರಾತ್ರಿ ಬಿಪಿ 102/84: ಡಾಕ್ಟರನ್ನು ಎಬ್ಬಿಸಬೇಕಾ, ಬೆಳಿಗ್ಗೆವರೆಗೆ ಕಾಯಬಹುದಾ?

ನೈಟ್_ಡ್ಯೂಟಿ_ಕುಡ್ಲ ಕೇಳಿದ್ದು:

ಮಂಗಳೂರಿನಲ್ಲಿ ಮಳೆ ಹಿಡಿದರೆ ಮೆಡಿಕಲ್ ವಾರ್ಡ್ ತುಂಬ ಜ್ವರದವರೇ. ಹೊಸದಾಗಿ ಸೇರಿದ ಸ್ಟಾಫ್‌ಗೆ ಕಲಿಸಲಿಕ್ಕೆ ಅಂತ ಒಂದು ಮಾದರಿ ಚಾರ್ಟ್ ಮಾಡಿದ್ದೇವೆ. ಅದನ್ನು ನೋಡುವಾಗ ನಮ್ಮೊಳಗೇ ಎರಡು ಅಭಿಪ್ರಾಯ ಬಂದಿದೆ. ಗೊತ್ತಿರುವವರು ಬಿಡಿಸಿ ಹೇಳಿ.

ಹೆಂಗಸು, 28 ವರ್ಷ, ತೂಕ 54 ಕೆಜಿ, ಗರ್ಭಿಣಿ ಅಲ್ಲ. ಡೆಂಗಿಯ ಎನ್‌ಎಸ್1 ರಕ್ತಪರೀಕ್ಷೆ ಪಾಸಿಟಿವ್, ಜ್ವರದ ಐದನೇ ದಿನ. ಅಡ್ಮಿಟ್ ಆಗುವಾಗ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 38, ಸಂಜೆ 42. ಪ್ಲೇಟ್‌ಲೆಟ್ ಬೆಳಿಗ್ಗೆ 1,10,000 ಇದ್ದದ್ದು ಸಂಜೆ 62,000. ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್, ನಾಳಕ್ಕೆ ಕೊಡುವ ಲವಣದ ದ್ರವ) ಕೆಜಿಗೆ ಗಂಟೆಗೆ 3 ಎಂಎಲ್ ಅಂತ ಆರ್ಡರ್. ಇನ್‌ಫ್ಯೂಷನ್ ಪಂಪ್ ಇಲ್ಲ, ಮಾಮೂಲಿ ಡ್ರಿಪ್ ಸೆಟ್.

ರಾತ್ರಿ 8 ಗಂಟೆಗೆ ಜ್ವರ 38.6, ಪಲ್ಸ್ 96, ಬಿಪಿ 110/70, ಉಸಿರು 18, ಆಕ್ಸಿಜನ್ 97. ರಾತ್ರಿ 2 ಗಂಟೆಗೆ ಜ್ವರ 37.2, ಪಲ್ಸ್ 104, ಬಿಪಿ 102/84, ಉಸಿರು 20, ಆಕ್ಸಿಜನ್ 97. ಮಾತಾಡಿಸಿದರೆ ಸರಿಯಾಗಿ ಉತ್ತರ ಕೊಡುತ್ತಾರೆ. ಬೈಸ್ಟ್ಯಾಂಡರ್ (ರೋಗಿಯ ಜೊತೆಗಿರುವವರು) ಹೇಳುವುದು, "ಜ್ವರ ಬಿಟ್ಟಿದೆ ಸಿಸ್ಟರ್, ಈಗಷ್ಟೇ ನಿದ್ದೆ ಹತ್ತಿದೆ, ಮಲಗಲಿ ಬಿಡಿ. ಮೂತ್ರಕ್ಕೆ ಎರಡು ಸಲ ಹೋಗಿದ್ದಾಳೆ."

ನ್ಯೂಸ್ ಸ್ಕೋರ್ (ಪಲ್ಸ್, ಬಿಪಿ, ಉಸಿರು, ಜ್ವರ ಮುಂತಾದವಕ್ಕೆ ಅಂಕ ಕೊಟ್ಟು ಅಪಾಯ ಅಳೆಯುವ ಲೆಕ್ಕ) ಹಾಕಿದರೆ 8 ಗಂಟೆಗೆ 3, 2 ಗಂಟೆಗೆ 2. ಅಂದರೆ ಸ್ಕೋರ್ ಇಳಿದಿದೆ. 5 ಬಂದರೆ ಕರೆಯಬೇಕು ಅಂತ ನಿಯಮ. ಹಾಗಾಗಿ ಅರ್ಧ ಜನ ಬೆಳಿಗ್ಗೆ ರೌಂಡ್ಸ್‌ವರೆಗೆ ಕಾಯಬಹುದು ಅಂತಾರೆ, ಇನ್ನರ್ಧ ಈಗಲೇ ಕರೆಯಬೇಕು ಅಂತಾರೆ. ಯಾವುದು ಸರಿ? ಜೊತೆಗೆ ಪಂಪ್ ಇಲ್ಲದೆ ಡ್ರಿಪ್ ನಿಖರವಾಗಿ ಓಡಿಸುವುದು ಹೇಗೆ, ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಎಂತ ಹೇಳಬೇಕು ಅಂತಲೂ ಬರೆದರೆ ಉಪಕಾರ.

ಐಸಿಯು_ಉಡುಪಿ ಬರೆದದ್ದು:

ಈಗಲೇ ಕರೆಯಬೇಕು. ಈ ಚಾರ್ಟಿನಲ್ಲಿ ನೋಡಬೇಕಾದ್ದು 102 ಅಲ್ಲ, 84. ಎಂಟು ಗಂಟೆಗೆ ಮೇಲಿನ ಮತ್ತು ಕೆಳಗಿನ ಬಿಪಿ ನಡುವಿನ ಅಂತರ, ಅಂದರೆ ಪಲ್ಸ್ ಪ್ರೆಶರ್, 40 ಇತ್ತು. ಎರಡು ಗಂಟೆಗೆ 18. ಡೆಂಗಿಯಲ್ಲಿ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಬಂತು ಅಂದರೆ ಅದನ್ನು ಶಾಕ್ (ಅಂಗಗಳಿಗೆ ಸಾಕಷ್ಟು ರಕ್ತ ಹೋಗದ ಸ್ಥಿತಿ) ಅಂತಲೇ ಹಿಡಿದು ಮುಂದಿನ ಕೆಲಸ ಮಾಡಬೇಕು, ಮೇಲಿನ ಬಿಪಿ ನೂರರ ಮೇಲಿದ್ದರೂ.

ಯಾಕೆ ಹೀಗಾಗುತ್ತದೆ ಅಂದರೆ, ಈ ಕಾಯಿಲೆಯಲ್ಲಿ ರಕ್ತನಾಳದ ಗೋಡೆಯಿಂದ ಪ್ಲಾಸ್ಮಾ ಹೊರಗೆ ಸೋರುತ್ತದೆ. ನಾಳದೊಳಗೆ ದ್ರವ ಕಡಿಮೆಯಾದ ಕೂಡಲೇ ದೇಹ ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡಿ ಮೆದುಳಿಗೂ ಹೃದಯಕ್ಕೂ ರಕ್ತ ಉಳಿಸಿಕೊಳ್ಳುತ್ತದೆ. ನಾಳ ಬಿಗಿಯಾದರೆ ಕೆಳಗಿನ ಬಿಪಿ ಏರುತ್ತದೆ. ಮೇಲಿನದು ಬೀಳುವುದು ತುಂಬ ತಡವಾಗಿ, ಬಿದ್ದರೆ ಒಮ್ಮೆಲೇ. ಮೆಷಿನ್ ತೋರಿಸುವ ಮೀನ್ ಪ್ರೆಶರ್ (ಸರಾಸರಿ ಬಿಪಿ) ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಲೆಕ್ಕ ಹಾಕಿದರೆ 110/70ಕ್ಕೆ ಅದು ಸುಮಾರು 83, 102/84ಕ್ಕೆ 90. ರೋಗಿ ಹಾಳಾಗುತ್ತಿರುವಾಗ ಆ ಅಂಕಿ ಚೆನ್ನಾಗುತ್ತಾ ಹೋಗಿದೆ!

ನ್ಯೂಸ್ ಸ್ಕೋರ್ ಇಳಿದದ್ದೂ ಇದೇ ಕಾರಣಕ್ಕೆ. 8 ಗಂಟೆಗೆ ಜ್ವರಕ್ಕೆ 1, ಪಲ್ಸಿಗೆ 1, ಮೇಲಿನ ಬಿಪಿಗೆ 1. 2 ಗಂಟೆಗೆ ಜ್ವರದ 1 ಹೋಯಿತು, ಉಳಿದೆರಡು ಹಾಗೇ ಉಂಟು. ಆ ಸ್ಕೋರಿನಲ್ಲಿ ಕೆಳಗಿನ ಬಿಪಿಗೆ ಜಾಗವೇ ಇಲ್ಲ. ಸ್ಕೋರ್ ಒಳ್ಳೆಯದೇ, ನ್ಯುಮೋನಿಯಾ, ಸೆಪ್ಸಿಸ್ ಎಲ್ಲ ಬೇಗ ಹಿಡಿದುಕೊಡುತ್ತದೆ. ಆದರೆ ಅದು ಕರೆಯಿರಿ ಅಂದರೆ ಕರೆಯಲೇಬೇಕು. ಅದು ಸುಮ್ಮನಿದೆ ಅಂತ ನಾವು ಸುಮ್ಮನಿರುವ ಹಾಗಿಲ್ಲ. ಆ ಸ್ಕೋರಿನ ನಿಯಮದಲ್ಲೂ ನರ್ಸಿಗೆ ಅನುಮಾನ ಬಂದರೆ ಸ್ಕೋರ್ ಎಷ್ಟೇ ಇರಲಿ ಕರೆಯಲು ಅವಕಾಶ ಉಂಟು.

ಇನ್ನೊಂದು, ಜ್ವರ. ಬೇರೆ ಜ್ವರಗಳಲ್ಲಿ ಜ್ವರ ಬಿಟ್ಟರೆ ಪಲ್ಸೂ ಇಳಿಯಬೇಕು. ಇಲ್ಲಿ 38.6 ಇಂದ 37.2ಕ್ಕೆ ಬಂದರೂ ಪಲ್ಸ್ 96 ಇಂದ 104ಕ್ಕೆ ಏರಿದೆ. ಡೆಂಗಿಯ ಕಷ್ಟದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಮತ್ತು 24 ರಿಂದ 48 ಗಂಟೆ ಇರುತ್ತದೆ. "ಜ್ವರ ಬಿಟ್ಟಿದೆ, ಮಲಗಲಿ" ಅನ್ನುವ ರಾತ್ರಿಯೇ ಎಚ್ಚರ ಇರಬೇಕಾದ ರಾತ್ರಿ. ಹೆಮಟೋಕ್ರಿಟ್ 38 ಇಂದ 42ಕ್ಕೆ ಹೋದದ್ದೂ, ಪ್ಲೇಟ್‌ಲೆಟ್ ಅದೇ ದಿನ ಸರ್ರನೆ ಇಳಿದದ್ದೂ ಒಟ್ಟಿಗೆ ನೋಡಿದರೆ ಸೋರಿಕೆ ಸಂಜೆಗೇ ಶುರುವಾಗಿದೆ.

ಕರೆಯುವ ಮೊದಲು ಎರಡು ನಿಮಿಷದಲ್ಲಿ ಮಾಡಬೇಕಾದ್ದು ಹೀಗೆ. ಬಿಪಿ ಮೆಷಿನ್ ಬಿಟ್ಟು ಕೈಯಿಂದ ನೋಡಿ. ಆಟೊಮ್ಯಾಟಿಕ್ ಮೆಷಿನ್ ನಿಜವಾಗಿ ಅಳೆಯುವುದು ಮೀನ್ ಪ್ರೆಶರ್ ಮಾತ್ರ, ಮೇಲಿನದ್ದು ಕೆಳಗಿನದ್ದು ಅದರ ಒಳಗಿನ ಲೆಕ್ಕ. ಪಲ್ಸ್ ಸಣ್ಣದಾದಾಗ ಆ ಲೆಕ್ಕ ತಪ್ಪುತ್ತದೆ. ಡ್ರಿಪ್ ಇಲ್ಲದ ಕೈ ತೆಗೆದುಕೊಳ್ಳಿ, ನೈಟಿಯ ತೋಳಿನ ಮೇಲೆ ಕಫ್ ಕಟ್ಟಬೇಡಿ. ಕಫ್‌ನ ಒಳಗಿನ ರಬ್ಬರ್ ಚೀಲದ ಅಗಲ ತೋಳಿನ ಸುತ್ತಳತೆಯ ಶೇಕಡಾ 40ರಷ್ಟು, ಉದ್ದ ಶೇಕಡಾ 80ರಷ್ಟಾದರೂ ಇರಬೇಕು. ಸಣ್ಣ ಕಫ್ ಹಾಕಿದರೆ ಬಿಪಿ ಇಲ್ಲದಷ್ಟು ಜಾಸ್ತಿ ತೋರಿಸುತ್ತದೆ, ಈ ರೋಗಿಗೆ ಅದು ಅಪಾಯದ ತಪ್ಪು. ತೋಳು ಎದೆಯ ಮಟ್ಟಕ್ಕೆ ಇರಲಿ. ಮೊದಲು ಮಣಿಕಟ್ಟಿನ ಪಲ್ಸ್ ಹಿಡಿದು ಅದು ಸಿಗದಾಗುವವರೆಗೆ ಗಾಳಿ ತುಂಬಿ, ಎಷ್ಟು ಅಂತ ನೋಡಿ, ಪೂರ್ತಿ ಬಿಟ್ಟು, ಆಮೇಲೆ ಅದಕ್ಕಿಂತ 30 ಮೇಲೆ ತುಂಬಿ ಸ್ಟೆತ್ ಇಟ್ಟು ಸೆಕೆಂಡಿಗೆ ಎರಡು ಅಂಕಿಯಷ್ಟೇ ಇಳಿಸಿ. ನೋಡಿ ಆದ ಮೇಲೆ ಕಫ್ ತೋಳಿನಲ್ಲೇ ಬಿಗಿಯಾಗಿ ಬಿಡಬೇಡಿ, ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಅದರ ಕೆಳಗೆ ಕೆಂಪು ಚುಕ್ಕಿ ಏಳುತ್ತದೆ.

ಹಾಗೇ ಪಾದ ಮುಟ್ಟಿ ನೋಡಿ. ಕಂಬಳಿ ಒಳಗಿದ್ದ ಪಾದವೂ ತಣ್ಣಗೆ, ಒದ್ದೆಯಾಗಿ ಇದ್ದರೆ ಮಳೆಯ ಚಳಿ ಅಂತ ಬಿಡಲಿಕ್ಕಿಲ್ಲ. ಬೆರಳ ತುದಿಯನ್ನು ಎದೆಯ ಮಟ್ಟಕ್ಕೆ ಹಿಡಿದು 5 ಸೆಕೆಂಡ್ ಒತ್ತಿ ಬಿಡಿ, ಬಿಳಿಚಿದ ಬಣ್ಣ 2 ಸೆಕೆಂಡಿನೊಳಗೆ ತಿರುಗಿ ಬರಬೇಕು. ಫ್ಯಾನಿನ ಕೆಳಗೆ ತಣ್ಣಗಾದ ಬೆರಳು ಅನುಮಾನ ಹುಟ್ಟಿಸಿದರೆ ಎದೆಯ ಮೂಳೆಯ ಮೇಲೆ ಒತ್ತಿ ನೋಡಿ. ಉಸಿರು ಪೂರ್ತಿ ಒಂದು ನಿಮಿಷ ಎಣಿಸಿ, ಪಲ್ಸ್ ಹಿಡಿದವರ ಹಾಗೆ ಕೈ ಹಿಡಿದುಕೊಂಡೇ. ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ರೋಗಿಯ ಉಸಿರೇ ಬದಲಾಗುತ್ತದೆ. ಚಾರ್ಟ್ ತುಂಬ ಎಲ್ಲರಿಗೂ "20" ಅಂತ ಬರೆಯುವ ಅಭ್ಯಾಸ ಬಿಡದೆ ಇದ್ದರೆ ಈ ಕಾಲಂ ಇದ್ದೂ ಇಲ್ಲದ ಹಾಗೆ.

ನಿದ್ದೆಯಲ್ಲಿದ್ದಾರೆ ಅಂತ ಎಬ್ಬಿಸದೆ ಬರಬೇಡಿ. ಎಬ್ಬಿಸಿ ಹೆಸರು, ಊರು ಕೇಳಿ. ನಿದ್ದೆ ಯಾವುದು, ಮಂಪರು ಯಾವುದು ಅಂತ ಮಾತಾಡಿಸದೆ ಗೊತ್ತಾಗುವುದಿಲ್ಲ.

ಪಾಠದ_ಸಿಸ್ಟರ್ ಬರೆದದ್ದು:

ಮೇಲೆ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಡ್ರಿಪ್ ಲೆಕ್ಕ ನಾನು ಬರೆಯುತ್ತೇನೆ.

54 ಕೆಜಿಗೆ ಗಂಟೆಗೆ 3 ಎಂಎಲ್ ಅಂದರೆ 162 ಎಂಎಲ್. ಸೆಟ್ಟಿನ ಕವರಿನ ಮೇಲೆ 1 ಎಂಎಲ್‌ಗೆ ಎಷ್ಟು ಹನಿ ಅಂತ ಮುದ್ರಿಸಿರುತ್ತಾರೆ, ಹರಿದು ಬಿಸಾಡುವ ಮೊದಲು ಅದನ್ನು ಓದಿ. ದೊಡ್ಡವರ ಸೆಟ್ ನಮ್ಮಲ್ಲಿ ಹೆಚ್ಚಾಗಿ 20 ಹನಿಯದ್ದು, ಮೈಕ್ರೋ ಸೆಟ್ 60ರದ್ದು. 20ರ ಸೆಟ್ ಆದರೆ ಗಂಟೆಯ ಎಂಎಲ್ಲನ್ನು 3ರಿಂದ ಭಾಗಿಸಿದರೆ ನಿಮಿಷದ ಹನಿ ಸಿಗುತ್ತದೆ: 162 ಭಾಗಿಸು 3, 54 ಹನಿ. 60ರ ಸೆಟ್ಟಿನಲ್ಲಿ ಎಂಎಲ್ ಎಷ್ಟೋ ಹನಿಯೂ ಅಷ್ಟೇ, 162. ಸೆಟ್ ನೋಡದೆ 54 ಹನಿ ಇಟ್ಟು ಹೋದರೆ, ಅದು ಮೈಕ್ರೋ ಆಗಿದ್ದರೆ ಗಂಟೆಗೆ ಹೋಗುವುದು 54 ಎಂಎಲ್, ಬೇಕಾದ್ದರ ಮೂರನೇ ಒಂದು ಪಾಲು. 15 ಹನಿಯ ಸೆಟ್ ಆಗಿದ್ದರೆ 216 ಎಂಎಲ್. ಎರಡೂ ಈ ರೋಗಿಗೆ ತೊಂದರೆಯೇ.

ಹನಿ ಎಣಿಸುವಾಗ ಗಡಿಯಾರವನ್ನು ಚೇಂಬರಿನ ಪಕ್ಕವೇ ಹಿಡಿಯಿರಿ, ಕಣ್ಣು ಅತ್ತ ಇತ್ತ ಓಡಿಸಿದರೆ ಲೆಕ್ಕ ತಪ್ಪುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಬೇಡ. ಒಂದು ಹನಿ ತಪ್ಪಿದರೆ ನಿಮಿಷಕ್ಕೆ 4 ಹನಿ, ಗಂಟೆಗೆ 12 ಎಂಎಲ್ ವ್ಯತ್ಯಾಸ. ಪೂರ್ತಿ ನಿಮಿಷ ಎಣಿಸಿ. ಚೇಂಬರ್ ಅರ್ಧದಷ್ಟು ಮಾತ್ರ ತುಂಬಿರಲಿ. ಪೂರ್ತಿ ತುಂಬಿದರೆ ಹನಿ ಕಾಣುವುದಿಲ್ಲ, ತೀರ ಕಡಿಮೆಯಿದ್ದರೆ ಟ್ಯೂಬಿಗೆ ಗಾಳಿ ಹೋಗುತ್ತದೆ.

ಹನಿ ಸರಿ ಮಾಡಿ ಹೋದರೆ ಕೆಲಸ ಮುಗಿಯಲಿಲ್ಲ. ರೋಲರ್ ಕ್ಲ್ಯಾಂಪ್ ಒತ್ತಿದ ಜಾಗದಲ್ಲಿ ಟ್ಯೂಬಿನ ಪ್ಲಾಸ್ಟಿಕ್ ನಿಧಾನಕ್ಕೆ ಆಕಾರ ಬದಲಿಸಿಕೊಳ್ಳುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಹನಿಯ ವೇಗ ತನ್ನಷ್ಟಕ್ಕೇ ಬದಲಾಗುತ್ತದೆ. 15 ನಿಮಿಷ ಬಿಟ್ಟು ಬಂದು ಮತ್ತೆ ಎಣಿಸಿ. ರೋಗಿ ಎದ್ದು ಕೂತರೆ, ಮೊಣಕೈ ಮಡಚಿದರೆ, ಶೌಚಾಲಯಕ್ಕೆ ಹೋಗಿ ಬಂದರೆ, ಕೈ ತಲೆಯ ಕೆಳಗಿಟ್ಟು ಮಲಗಿದರೆ ಪ್ರತಿ ಸಲವೂ ವೇಗ ಬೇರೆ. ಬೇಗ ಮುಗಿಯಲಿ ಅಂತ ಮನೆಯವರು ಕ್ಲ್ಯಾಂಪ್ ತಿರುಗಿಸುವುದೂ ಉಂಟು. ಅದಕ್ಕೆ ಬೈಯುವ ಬದಲು ಮೊದಲೇ ಹೇಳಿಬಿಡಿ: ಈ ಚಕ್ರ ಮುಟ್ಟಬಾರದು, ನಿಂತರೆ ಅಥವಾ ಓಡಿದರೆ ಬೆಲ್ ಒತ್ತಿ.

ಪಂಪ್ ಇಲ್ಲದಲ್ಲಿ ನಂಬಬೇಕಾದ್ದು ಬಾಟಲಿಯ ಮೇಲಿನ ಟೈಮ್ ಪಟ್ಟಿಯನ್ನು. ಉದ್ದಕ್ಕೆ ಒಂದು ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ಬರೆಯಿರಿ. 500 ಎಂಎಲ್ ಬಾಟಲಿ 11 ಗಂಟೆಗೆ ಹಾಕಿದ್ದಾದರೆ 12ಕ್ಕೆ ಉಳಿಯಬೇಕಾದ್ದು 338, 1ಕ್ಕೆ 176, 2ಕ್ಕೆ 14. ಅಂದರೆ ಒಟ್ಟು ಮೂರು ಗಂಟೆ ಐದು ನಿಮಿಷದಲ್ಲಿ ಬಾಟಲಿ ಖಾಲಿ. ಮಾರ್ಕರ್ ಪೆನ್ನಿನಿಂದ ನೇರ ಪ್ಲಾಸ್ಟಿಕ್ ಮೇಲೆ ಬರೆಯಬೇಡಿ. ಹಿಂದೆ ಬಿದ್ದಿದೆ ಅಂತ ಗೊತ್ತಾದರೆ ಜೋರಾಗಿ ಬಿಟ್ಟು ಸರಿದೂಗಿಸುವುದು ಬೇಡ. ಈಗಿನ ವೇಗ ಸರಿ ಮಾಡಿ, ಎಷ್ಟು ಕಡಿಮೆ ಹೋಗಿದೆ ಅಂತ ಬರೆದು, ಡಾಕ್ಟರಿಗೆ ಅದನ್ನೂ ಹೇಳಿ. ಅವರು ಮುಂದಿನ ಆರ್ಡರ್ ಕೊಡುವುದು ಆರು ಗಂಟೆಯಲ್ಲಿ 972 ಎಂಎಲ್ ಒಳಗೆ ಹೋಗಿದೆ ಅನ್ನುವ ಲೆಕ್ಕದಲ್ಲಿ. ನಿಜವಾಗಿ ಹೋದದ್ದು 600 ಆದರೆ ತೀರ್ಮಾನವೇ ಬೇರೆ.

ಬಾಟಲಿ ಓಡುತ್ತಿಲ್ಲ ಅಂತ ಮೇಲಿನಿಂದ ಸೂಜಿ ಚುಚ್ಚಿ ಗಾಳಿ ಬಿಡುವುದನ್ನು ದಯವಿಟ್ಟು ನಿಲ್ಲಿಸಿ. ಮೆತ್ತಗಿನ ಬಾಟಲಿ ತನ್ನಷ್ಟಕ್ಕೇ ಚಪ್ಪಟೆಯಾಗುತ್ತದೆ, ಗಾಳಿ ಬೇಡ. ಗಟ್ಟಿ ಬಾಟಲಿಗೆ ಫಿಲ್ಟರ್ ಇರುವ ಗಾಳಿ ಕಿಂಡಿಯ ಸೆಟ್ ಬರುತ್ತದೆ. ಸೂಜಿಯ ತೂತಿನಿಂದ ಹೋಗುವುದು ವಾರ್ಡಿನ ಗಾಳಿ, ಸೀದಾ ರಕ್ತಕ್ಕೆ. ಓಡದಿದ್ದರೆ ಮೊದಲು ಕೈ ನೋಡಿ: ಕ್ಯಾನುಲಾ (ನಾಳಕ್ಕೆ ಹಾಕಿದ ಸಣ್ಣ ಕೊಳವೆ) ಸುತ್ತ ಊತ, ತಣ್ಣಗೆ, ನೋವು ಇದ್ದರೆ ದ್ರವ ನಾಳದ ಹೊರಗೆ ಹೋಗುತ್ತಿದೆ.

ಇಲಿಜ್ವರದ ಅನುಮಾನವೂ ಇದ್ದು ಸೆಫ್ಟ್ರಿಯಾಕ್ಸೋನ್ ಆಂಟಿಬಯೋಟಿಕ್ ಬರೆದಿದ್ದರೆ ಅದನ್ನು ಓಡುವ ರಿಂಗರ್ ಲ್ಯಾಕ್ಟೇಟ್ ಜೊತೆ ಅದೇ ಲೈನಿನಲ್ಲಿ ಕೊಡಬೇಡಿ. ಆ ದ್ರವದ ಕ್ಯಾಲ್ಸಿಯಂ ಜೊತೆ ಸೇರಿ ಗಷ್ಟು ಕಟ್ಟುತ್ತದೆ.

ಮಲ್ಪೆ_ವಾರ್ಡ್ ಬರೆದದ್ದು:

"ಎರಡು ಸಲ ಹೋಗಿದ್ದಾಳೆ" ಅನ್ನುವುದು ಮೂತ್ರದ ಅಳತೆ ಅಲ್ಲ. 54 ಕೆಜಿಗೆ ಕನಿಷ್ಠ ಕೆಜಿಗೆ ಅರ್ಧ ಎಂಎಲ್, ಅಂದರೆ ಗಂಟೆಗೆ 27, ಆರು ಗಂಟೆಗೆ 162 ಎಂಎಲ್ ಬರಬೇಕು. ಎರಡು ಸಲ ಸೇರಿ 80 ಎಂಎಲ್ ಆಗಿರಬಹುದು, 400 ಆಗಿರಬಹುದು. ರಾತ್ರಿ ಹ್ಯಾಂಡೋವರ್ ಆಗುವಾಗಲೇ ಬೆಡ್‌ಪ್ಯಾನ್ ಮತ್ತು ಅಳತೆ ಜಗ್ ಮಂಚದ ಕೆಳಗೆ ಇಟ್ಟು, ನೀರು ಹುಯ್ಯುವ ಮೊದಲು ತೋರಿಸಿ ಅಂತ ಬೈಸ್ಟ್ಯಾಂಡರಿಗೆ ಹೇಳಿ. ಸಂಕೋಚ ಪಡುತ್ತಾರೆ, ಅದಕ್ಕೆ ಸ್ಕ್ರೀನ್ ಎಳೆದುಕೊಡಿ. ಅಳತೆಗೆ ಅಂತ ಕ್ಯಾಥೆಟರ್ ಹಾಕಲು ಆತುರ ಬೇಡ, ಪ್ಲೇಟ್‌ಲೆಟ್ ಕಡಿಮೆ ಇರುವಾಗ ರಕ್ತ ಬರುತ್ತದೆ. ಡಾಕ್ಟರ್ ಶಾಕ್ ಅಂತ ನೋಡಿ ಹೇಳಿದರೆ ಮಾತ್ರ. ಮುಟ್ಟಾಗಿದ್ದಾರಾ ಅಂತಲೂ ಕೇಳಿ, ಆಗಿದ್ದರೆ ಪ್ಯಾಡ್ ಎಣಿಸಬೇಕು. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಇನ್ನು ಬಾಯಿಯಿಂದ ಹೋಗುವುದು. ಬೊಂಡ, ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿಯ ತಿಳಿ, ಓಆರ್‌ಎಸ್ ಎಲ್ಲ ಒಳ್ಳೆಯದು, ಆದರೆ ಲೋಟದ ಅಳತೆ ಬರೆದಿರಬೇಕು. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿ ಕುಡಿಸುತ್ತಾರೆ, ಕಣ್ಣೆದುರೇ ಕಲಸಿ ತೋರಿಸಿ. ಪುನರ್ಪುಳಿ ಜ್ಯೂಸ್, ಬೀಟ್‌ರೂಟ್, ದಾಳಿಂಬೆ ಈ ನಾಲ್ಕು ದಿನ ಬೇಡ ಅನ್ನಿ. ಅದು ಮೈಗೆ ಕೆಟ್ಟದು ಅಂತಲ್ಲ. ರಾತ್ರಿ ಮೂರು ಗಂಟೆಗೆ ಕೆಂಪಗೆ ವಾಂತಿಯಾದರೆ ಅದು ರಕ್ತವೋ ಪುನರ್ಪುಳಿಯೋ ಅಂತ ಟಾರ್ಚ್ ಹಿಡಿದು ಹೇಳಲಿಕ್ಕೆ ಆಗುವುದಿಲ್ಲ. ಪಪ್ಪಾಯಿ ಎಲೆಯ ರಸ ಕುಡಿಸಿದ್ದರೆ ಬೈಯದೆ ಕೇಳಿ ಬರೆದುಕೊಳ್ಳಿ. ಬೈದರೆ ಮುಚ್ಚಿಡುತ್ತಾರೆ, ಆಮೇಲೆ ವಾಂತಿ ಯಾವುದರಿಂದ ಅಂತ ತಿಳಿಯದೆ ಹೋಗುತ್ತದೆ.

ಮಾತಿನ ವಿಷಯ. ನಮ್ಮ ಕಡೆ ರೋಗಿ ಕನ್ನಡದಲ್ಲಿ ಕೇಳಿದ್ದಕ್ಕೆ "ಪರವಾಗಿಲ್ಲ" ಅಂತಾರೆ, ಪಕ್ಕದಲ್ಲಿ ಕೂತ ಅಮ್ಮನಿಗೆ ತುಳುವಿನಲ್ಲಿ "ಬಂಜಿ ಬೇನೆ" ಅಂತಾರೆ. ಕೊಂಕಣಿಯವರು "ಪೊಟಾಂತ್ ದುಕ್ತಾ" ಅಂತಾರೆ. ಡೆಂಗಿಯಲ್ಲಿ ಹೊಟ್ಟೆನೋವು ಎಚ್ಚರಿಕೆಯ ಲಕ್ಷಣ, ಅದನ್ನು ಗ್ಯಾಸ್ ಅಂತ ಬರೆದು ಮುಂದೆ ಹೋಗಬೇಡಿ. ಬಿಡದ ವಾಂತಿ, ವಸಡು ಮೂಗಿನಲ್ಲಿ ರಕ್ತ, ತೀರ ಸುಸ್ತು ಅಥವಾ ಚಡಪಡಿಕೆಯೂ ಹಾಗೇ. "ಒಂಜಿ ನಮೂನೆ ಆಪುಂಡು" ಅಂತ ಯಾರಾದರೂ ಹೇಳಿದರೆ, ಏನಾಗುತ್ತಿದೆ ಅಂತ ಅವರಿಗೇ ಹೇಳಲು ಬಾರದ ಆ ಮಾತಿಗೆ ನಾನು ಬಿಪಿ ಅಂಕಿಯಷ್ಟೇ ಬೆಲೆ ಕೊಡುತ್ತೇನೆ. ತಾಯಿಭಾಷೆ ಗೊತ್ತಿರುವ ಸ್ಟಾಫ್ ಆ ರಾತ್ರಿ ಇದ್ದರೆ ಒಮ್ಮೆ ಅವರಿಂದಲೇ ಕೇಳಿಸಿ.

ಐಸಿಯು_ಉಡುಪಿ ಬರೆದದ್ದು:

ಫೋನಿನ ವಿಷಯ ಬಾಕಿ ಇತ್ತು. ನಿದ್ದೆಗಣ್ಣಿನಲ್ಲಿ ಇರುವ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಯಾಕೆ ಎಬ್ಬಿಸಿದ್ದು ಅಂತ ಗೊತ್ತಾಗಬೇಕು. "ಸರ್, 12ನೇ ಬೆಡ್ ಸ್ವಲ್ಪ ಬಿಪಿ ಹೀಗುಂಟು" ಅಂತ ಶುರು ಮಾಡಿದರೆ "ಅಬ್ಸರ್ವ್ ಮಾಡಿ" ಅಂತ ಉತ್ತರ ಬರುತ್ತದೆ, ಅದರಲ್ಲಿ ಅವರ ತಪ್ಪಿಲ್ಲ. ಕೇಸ್ ಶೀಟ್ ಕೈಯಲ್ಲಿ ಹಿಡಿದು ಹೀಗೆ ಹೇಳಿ (ಪಾದ, ಬೆರಳು, ಮೂತ್ರದ ವಿವರ ಉದಾಹರಣೆಗೆ ಹಾಕಿದ್ದು):

"ಸರ್, ಮೆಡಿಕಲ್ ವಾರ್ಡ್ ನೈಟ್ ಸ್ಟಾಫ್ ಮಾತಾಡ್ತಿದ್ದೇನೆ. 12ನೇ ಬೆಡ್ ಡೆಂಗಿ ಪೇಷೆಂಟ್ ಶಾಕಿಗೆ ಹೋಗ್ತಿದ್ದಾರೆ ಅಂತ ನನಗೆ ಅನಿಸ್ತಿದೆ, ಪಲ್ಸ್ ಪ್ರೆಶರ್ 18 ಉಂಟು. 28 ವರ್ಷ, 54 ಕೆಜಿ, ಐದನೇ ದಿನ, ಜ್ವರ ಈಗ ಬಿಟ್ಟಿದೆ. ಸಂಜೆ ಹೆಮಟೋಕ್ರಿಟ್ 38 ಇಂದ 42, ಪ್ಲೇಟ್‌ಲೆಟ್ 62,000. ಎಂಟು ಗಂಟೆಗೆ ಬಿಪಿ 110/70, ಈಗ ಕೈಯಿಂದ ನೋಡಿ 102/84, ಪಲ್ಸ್ 104, ಉಸಿರು 20. ಪಾದ ತಣ್ಣಗಿದೆ, ಬೆರಳ ಬಣ್ಣ ಬರಲು 4 ಸೆಕೆಂಡ್. ಆರು ಗಂಟೆಯಲ್ಲಿ ಅಳೆದ ಮೂತ್ರ 90 ಎಂಎಲ್. ಆರ್‌ಎಲ್ 162ರಲ್ಲಿ ಹೋಗ್ತಿದೆ. ನೀವು ಈಗ ಬಂದು ನೋಡಬೇಕು. ಬರುವಷ್ಟರಲ್ಲಿ ಹೆಮಟೋಕ್ರಿಟ್ ಕಳಿಸಲಾ, ಫ್ಲೂಯಿಡ್ ಎಷ್ಟಕ್ಕೆ ಏರಿಸಲಿ?"

ಮುಕ್ಕಾಲು ನಿಮಿಷದ ಮಾತು. "ಶಾಕ್ ಅಂತ ಅನಿಸ್ತಿದೆ" ಅನ್ನುವುದು ರೋಗ ನಿರ್ಣಯ ಮಾಡಿದ ಹಾಗಲ್ಲ, ಕಂಡದ್ದನ್ನು ಹೇಳಿದ ಹಾಗೆ, ಹಿಂಜರಿಯಬೇಡಿ. ಫೋನಿನಲ್ಲಿ ಆರ್ಡರ್ ಕೊಟ್ಟರೆ ಬರೆದುಕೊಂಡು ಅದನ್ನೇ ಅವರಿಗೆ ಓದಿ ಹೇಳಿ, ಅಂಕಿಗಳನ್ನು ಬಿಡಿಬಿಡಿಯಾಗಿ: "ಗಂಟೆಗೆ ಎರಡು ನೂರ ಎಪ್ಪತ್ತು, ಎರಡು-ಏಳು-ಸೊನ್ನೆ, ಸರಿಯಾ ಸರ್?" ಬೆಳಿಗ್ಗೆ ಸಹಿ ಮಾಡಿಸಿ. ಎತ್ತದಿದ್ದರೆ ಐದು ನಿಮಿಷಕ್ಕೆ ಮತ್ತೆ, ಆಮೇಲೆ ನೈಟ್ ಸೂಪರ್‌ವೈಸರ್, ಆಮೇಲೆ ಕನ್ಸಲ್ಟೆಂಟ್. ಪ್ರತಿ ಕರೆಯ ಸಮಯ ನೋಟ್ಸಿನಲ್ಲಿ ಇರಲಿ. ಬೈಗುಳದ ಭಯ ಎಲ್ಲ ಹೊಸಬರಿಗೂ ಇರುವುದೇ, ಆದರೆ ಅಂಕಿ ಕೈಯಲ್ಲಿ ಇದ್ದವರಿಗೆ ಬೈಯುವುದು ಕಷ್ಟ.

ಡಾಕ್ಟರ್ ಬರುವವರೆಗೆ: ಮಟ್ಟವಾಗಿ ಮಲಗಿಸಿ, ಎದ್ದು ಓಡಾಡಲು ಬಿಡಬೇಡಿ. ಎರಡನೇ ಕ್ಯಾನುಲಾ ಹಾಕಿ, ಗುಲಾಬಿ ಅಥವಾ ಹಸಿರು, ಅಂದರೆ 20 ಅಥವಾ 18 ಗೇಜ್. ರಕ್ತವನ್ನು ಡ್ರಿಪ್ ಇರುವ ಕೈಯಿಂದ ತೆಗೆಯಬೇಡಿ, ದ್ರವ ಬೆರೆತು ಹೆಮಟೋಕ್ರಿಟ್ ಸುಳ್ಳು ಸುಳ್ಳೇ ಕಡಿಮೆ ಬರುತ್ತದೆ, ಸೋರಿಕೆ ನಿಂತಿದೆ ಅಂತ ಎಲ್ಲರೂ ನಂಬುತ್ತಾರೆ. ಹೆಚ್ಚು ದ್ರವ ಶುರು ಮಾಡುವ ಮೊದಲೇ ಆ ಸ್ಯಾಂಪಲ್ ಹೋಗಬೇಕು. ಸಕ್ಕರೆ ಒಮ್ಮೆ ನೋಡಿ. ಡ್ರಿಪ್ ವೇಗ ಆರ್ಡರ್ ಇಲ್ಲದೆ ನೀವಾಗಿ ಏರಿಸಬೇಡಿ, ವಾರ್ಡಿನಲ್ಲಿ ಬರೆದಿಟ್ಟ ಪ್ರೋಟೋಕಾಲ್ ಇದ್ದರೆ ಬೇರೆ ಮಾತು.

ನೈಟ್_ಡ್ಯೂಟಿ_ಕುಡ್ಲ ಕೇಳಿದ್ದು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮುಂದಿನದ್ದು: ಡಾಕ್ಟರ್ ಬಂದು ಒಂದು ಗಂಟೆಯಲ್ಲಿ ಕೆಜಿಗೆ 10 ಎಂಎಲ್ ಕೊಡಿ ಅಂದರು ಅಂತ ಇಟ್ಟುಕೊಳ್ಳಿ. 540 ಎಂಎಲ್ ಅಂದರೆ ನಿಮಿಷಕ್ಕೆ 180 ಹನಿ, ಅದನ್ನು ಎಣಿಸುವುದು ಹೇಗೆ? ಎಲ್ಲಿವರೆಗೆ ಹೀಗೇ ಓಡಿಸುವುದು? ಮತ್ತೆ ಮನೆಯವರು ಪ್ಲೇಟ್‌ಲೆಟ್ ಹಾಕಿಸಿ, ಮೈಕೈ ನೋವಿಗೆ ಇಂಜೆಕ್ಷನ್ ಕೊಡಿ ಅಂತ ಒತ್ತಾಯ ಮಾಡಿದರೆ?

ಪಾಠದ_ಸಿಸ್ಟರ್ ಬರೆದದ್ದು:

180 ಹನಿ ಎಣಿಸಲು ಹೋಗಬೇಡಿ, ಅಲ್ಲಿ ಹನಿ ಅಲ್ಲ ಧಾರೆ. ಬಾಟಲಿ ನೋಡಿ: 15 ನಿಮಿಷಕ್ಕೆ 135 ಎಂಎಲ್ ಇಳಿಯಬೇಕು. ಪಟ್ಟಿಯಲ್ಲಿ ಕಾಲು ಗಂಟೆಗೊಂದು ಗೆರೆ ಹಾಕಿ. 500 ಎಂಎಲ್ ಬಾಟಲಿ 56 ನಿಮಿಷಕ್ಕೆ ಮುಗಿಯುತ್ತದೆ, ಎರಡನೆಯದು ಪಕ್ಕದಲ್ಲೇ ಇರಲಿ, ಅದರಿಂದ 40 ಎಂಎಲ್ ಹೋದಾಗ ಗಂಟೆ ಆಯಿತು. ಆ ಒಂದು ಗಂಟೆ ರೋಗಿಯ ಹತ್ತಿರ ಒಬ್ಬರು ಇರಲೇಬೇಕು, ಪಲ್ಸ್, ಬಿಪಿ, ಪಾದದ ಬಿಸಿ 15 ನಿಮಿಷಕ್ಕೊಮ್ಮೆ. ಗಂಟೆ ಮುಗಿದ ಕೂಡಲೇ ಡಾಕ್ಟರನ್ನು ಕೇಳಿ ವೇಗ ಇಳಿಸಿಕೊಳ್ಳಿ, 540ರಲ್ಲಿ ಹಾಗೇ ಮರೆತುಹೋಗುವುದು ಈ ಚಿಕಿತ್ಸೆಯ ಅತಿ ದೊಡ್ಡ ತಪ್ಪು. ಸುಧಾರಿಸಿದರೆ ಸಾಮಾನ್ಯವಾಗಿ ಕೆಜಿಗೆ 5 ರಿಂದ 7 ಎಂಎಲ್ ಒಂದೆರಡು ಗಂಟೆ, ಆಮೇಲೆ 3 ರಿಂದ 5, ಆಮೇಲೆ 2 ರಿಂದ 3, ಹೀಗೆ ಮೆಟ್ಟಿಲು ಇಳಿದ ಹಾಗೆ ಇಳಿಸುತ್ತಾರೆ.

ಹೆಮಟೋಕ್ರಿಟ್ ಮತ್ತೆ ಬಂದಾಗ ಅಂಕಿಯೊಂದನ್ನೇ ಓದಬೇಡಿ, ರೋಗಿಯ ಜೊತೆ ಓದಿ. ಏರಿದೆ, ರೋಗಿಯೂ ಸರಿಯಿಲ್ಲ: ಇನ್ನೂ ಸೋರುತ್ತಿದೆ. ಇಳಿದಿದೆ, ಆದರೆ ಪಲ್ಸ್ ಏರುತ್ತಿದೆ, ಅಂತರ ಇನ್ನೂ ಕಿರಿದು: ಎಲ್ಲೋ ರಕ್ತ ಹೋಗುತ್ತಿದೆ, ಹೊಟ್ಟೆ ಊದಿದೆಯಾ, ಮಲ ಕಪ್ಪಗಿದೆಯಾ ನೋಡಿ ತಕ್ಷಣ ಹೇಳಿ. ಇಳಿದಿದೆ, ಪಾದ ಬೆಚ್ಚಗಾಗಿದೆ, ಮೂತ್ರ ಧಾರಾಳ ಬರುತ್ತಿದೆ: ಸೋರಿದ್ದು ವಾಪಸ್ ಬರುತ್ತಿದೆ, ಈಗ ದ್ರವ ಕಡಿಮೆ ಮಾಡುವ ಹೊತ್ತು. ಈ ಮೂರನೆಯದ್ದನ್ನು ಗುರುತಿಸದೆ ಎರಡು ದಿನ ಬಾಟಲಿ ಮೇಲೆ ಬಾಟಲಿ ಹಾಕಿದರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಮೊದಲು ಕಾಣುವುದು ಉಸಿರಿನ ಸಂಖ್ಯೆ ಏರುವುದು, ಕಣ್ಣ ರೆಪ್ಪೆ ಊದುವುದು, ಮಟ್ಟವಾಗಿ ಮಲಗಿದರೆ ಕೆಮ್ಮು ಬರುವುದು. ಚೇತರಿಸುವಾಗ ಪಲ್ಸ್ ಐವತ್ತರ ಆಸುಪಾಸಿಗೆ ಇಳಿಯುವುದುಂಟು, ಮೈಯೆಲ್ಲ ಕೆಂಪು, ನಡುನಡುವೆ ಬಿಳಿ ಮಚ್ಚೆ, ತುರಿಕೆ. ಹೊಸಬರು ಅದಕ್ಕೆ ಗಾಬರಿ ಆಗಬೇಕಿಲ್ಲ, ಆದರೆ ತಿಳಿಸಿ.

ಇಂಜೆಕ್ಷನ್ ವಿಷಯದಲ್ಲಿ ಸಡಿಲ ಬೇಡ. ಸೊಂಟಕ್ಕೆ, ತೋಳಿಗೆ ಮಾಂಸಖಂಡಕ್ಕೆ ಕೊಡುವ ಯಾವುದೂ ಬೇಡ, ಒಳಗೆ ರಕ್ತ ಕಟ್ಟುತ್ತದೆ. ಡೈಕ್ಲೋಫೆನಾಕ್, ಬ್ರೂಫೆನ್, ಆಸ್ಪಿರಿನ್ ಮಾತ್ರೆಯಾಗಿಯೂ ಬೇಡ. ಕೈಚೀಲದಲ್ಲಿ ಮನೆಯಿಂದ ತಂದ ಮಾತ್ರೆ ಉಂಟಾ ಅಂತ ಕೇಳಿ. ಪ್ಯಾರಾಸಿಟಮಾಲ್ ಮಾತ್ರೆಯೂ ಡ್ರಿಪ್ಪೂ ಸೇರಿ ದಿನಕ್ಕೆ 3 ಗ್ರಾಂ ದಾಟಬಾರದು. ಮಾತ್ರೆ ಒಂದು ಶೀಟಿನಲ್ಲಿ, ಡ್ರಿಪ್ ಇನ್ನೊಂದರಲ್ಲಿ ಬರೆದಿದ್ದರೆ ಈ ಲೆಕ್ಕ ತಪ್ಪುವುದು ಖಂಡಿತ.

ಮಲ್ಪೆ_ವಾರ್ಡ್ ಬರೆದದ್ದು:

ಪ್ಲೇಟ್‌ಲೆಟ್ 62,000 ಇದ್ದು ರಕ್ತ ಹೋಗದೆ ಇದ್ದರೆ ಹಾಕುವ ಕಾರಣವೇ ಇಲ್ಲ. ಮನೆಯವರಿಗೆ ಹೀಗೆ ಹೇಳಿದರೆ ಅರ್ಥವಾಗುತ್ತದೆ: "ಅಮ್ಮ, ಈಗ ಇವರಿಗೆ ತೊಂದರೆ ಕೊಡುತ್ತಿರುವುದು ಪ್ಲೇಟ್‌ಲೆಟ್ ಅಲ್ಲ, ನಾಳದಿಂದ ನೀರಿನಂಶ ಸೋರುವುದು. ಅದಕ್ಕೆ ಬೇಕಾದ ಮದ್ದು ಈ ಬಾಟಲಿ. ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ." ಡಾಕ್ಟರ್ ಹಾಕಿಸಲು ಹೇಳಿದರೆ, ಚೀಲವನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಅದು ಬ್ಲಡ್ ಬ್ಯಾಂಕಿನಲ್ಲಿ 20 ರಿಂದ 24 ಡಿಗ್ರಿಯಲ್ಲಿ ಅಲುಗಾಡುತ್ತಾ ಇರುವಂಥದ್ದು. ಬಂದ ಕೂಡಲೇ ಇಬ್ಬರು ಸೇರಿ ಬೆಡ್ ಪಕ್ಕದಲ್ಲೇ ಹೆಸರು, ನಂಬರ್, ಗುಂಪು, ಅವಧಿ ನೋಡಿ, ಹೊಸ ಫಿಲ್ಟರ್ ಸೆಟ್ಟಿನಲ್ಲಿ ಶುರು ಮಾಡಿ. ರಿಂಗರ್ ಲ್ಯಾಕ್ಟೇಟ್ ಓಡುತ್ತಿರುವ ಲೈನಿಗೆ ಸೇರಿಸಬೇಡಿ, ನಾರ್ಮಲ್ ಸಲೈನ್ ಮಾತ್ರ.

ಕ್ಯಾನುಲಾ ತೆಗೆದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಮತ್ತೆ ಜ್ವರ ಇರುವ ದಿನಗಳಲ್ಲಿ ರೋಗಿಗೆ ಹಗಲಲ್ಲೂ ಸೊಳ್ಳೆಪರದೆ ಬೇಕು. ಈ ಸೊಳ್ಳೆ ಕಚ್ಚುವುದು ಹಗಲಿಗೆ, ಒಬ್ಬರಿಂದ ಪಕ್ಕದ ಬೆಡ್ಡಿನವರಿಗೆ ದಾಟಿಸುವುದೂ ಅದೇ.

ನೈಟ್_ಡ್ಯೂಟಿ_ಕುಡ್ಲ ಬರೆದದ್ದು:

ಚಾರ್ಟ್ ತಿದ್ದಿದ್ದೇವೆ. ಬಿಪಿ ಕಾಲಂ ಪಕ್ಕದಲ್ಲಿ "ಅಂತರ" ಅಂತ ಇನ್ನೊಂದು ಕಾಲಂ, 20 ಅಥವಾ ಅದರ ಕೆಳಗೆ ಬಂದರೆ ಸ್ಕೋರ್ ಎಷ್ಟೇ ಇದ್ದರೂ ಕರೆಯುವುದು ಅಂತ ಕೆಂಪಲ್ಲಿ. ಮೂತ್ರಕ್ಕೆ "ಸಲ" ಹೊಡೆದು "ಎಂಎಲ್" ಬರೆದಿದ್ದೇವೆ. ಪಾದ ಬಿಸಿಯಾ ತಣ್ಣಗಾ ಅಂತ ಒಂದು ಕಾಲಂ. ಜ್ವರ ಬಿಟ್ಟ ಸಮಯಕ್ಕೆ ಒಂದು ಗೆರೆ ಎಳೆದು, ಅಲ್ಲಿಂದ 48 ಗಂಟೆ ಗಂಟೆಗೊಮ್ಮೆ ನೋಡುವುದು ಅಂತ ಹಾಕಿದ್ದೇವೆ.

ಐಸಿಯು_ಉಡುಪಿ ಬರೆದದ್ದು:

ಒಳ್ಳೆಯದಾಯಿತು. ಬಿಪಿ ಕೈಯಿಂದ ನೋಡಿದ್ದಾ ಮೆಷಿನ್ನಿನಿಂದಲಾ ಅಂತ "ಕೈ" ಅಥವಾ "ಮೆ" ಒಂದು ಅಕ್ಷರ ಸೇರಿಸಿ. ಬೆಳಿಗ್ಗೆ ಡ್ಯೂಟಿಯವರು ಮೆಷಿನ್ ಹಚ್ಚಿ ಅಂತರ 34 ಬಂತು ಅಂತ ಸುಧಾರಣೆ ಬರೆದುಬಿಟ್ಟರೆ, ಅದು ರೋಗಿ ಸುಧಾರಿಸಿದ್ದೋ ಅಳತೆ ಬದಲಾದದ್ದೋ ಗೊತ್ತಾಗುವುದಿಲ್ಲ. ಹ್ಯಾಂಡೋವರ್ ಹೊತ್ತಿಗೆ ಇಬ್ಬರೂ ಬೆಡ್ ಹತ್ತಿರ ನಿಂತು ಅದೇ ಕೈಯಲ್ಲಿ, ಅದೇ ಕಫ್‌ನಲ್ಲಿ ಒಮ್ಮೆ ಒಟ್ಟಿಗೆ ನೋಡಿ.